ಬೇರುಗಂಟು

ಟೊಮೆಟೊ ಗಿಡ ಕಿತ್ತು ಪಾಲಕ್ಕ ಅತ್ತಿಗೆ
ನನ್ನ ಅಂಗೈ ಮೇಲಿಟ್ಟಳು.
ಬೇರಲ್ಲ ಅದು, ಅಜ್ಜಿಯ ಬೆರಳು:
ಗೆಣ್ಣುಗೆಣ್ಣಿಗೂ ಊದಿಕೊಂಡು, ಎಳೆ ಶುಂಠಿಯ ಹಾಗೆ.
'ಒಳಗೆ ಹುಳ ಐತೆ' ಅಂದಳು. 'ಕಣ್ಣಿಗೆ ಕಾಣಲ್ಲ.
ಮಧ್ಯಾಹ್ನ ಕಾಣ್ತದೆ.
ನೀರು ನಿಂತ ಮಡಿಯಲ್ಲೇ ಬಾಡ್ತದಲ್ಲ ಗಿಡ, ಆಗ.'

ಧರ್ಮಪುರದ ಬಾವಿಹೊಲ, ಕೆಂಪು ಮರಳುಮಣ್ಣು,
ಹುಳಕ್ಕೆ ಹೇಳಿ ಮಾಡಿಸಿದ ಹಾಸಿಗೆ.
ಅಂಗಡಿಯವನು ಕೊಟ್ಟ ಕಾಳುಮದ್ದು
ಒಂದು ಬೆಳೆಗೆ ಕೇಳಿತು, ಎರಡನೆಯದಕ್ಕೆ ಕೇಳಲಿಲ್ಲ.
ಎರೆಹುಳ ಮಾತ್ರ ಬಿಳುಚಿಕೊಂಡು ಮೇಲೆ ಬಂದವು.
ಅವನ್ನು ನೋಡಿದ ಸಂಜೆಯೇ ಅತ್ತಿಗೆ
ಸೆರಗಿನ ಗಂಟು ಬಿಚ್ಚಿದಳು:
ಕರಿ ಕಡ್ಡಿಯಂಥ ಬೀಜ, ತುದಿಗೆ ಬಿಳಿ ಬಾಲ,
ತವರಿನ ತಿಪ್ಪೆ ಪಕ್ಕದ ಚೆಂಡುಹೂವಿಂದು.

ಮೊದಲು ಹೂ. ತಿಂಗಳು ಕಳೆದು
ಸಾಲು ಬಿಟ್ಟು ಸಾಲು ಟೊಮೆಟೊ.
ಅಣ್ಣ ನಕ್ಕ: 'ಹೊಲಕ್ಕೇನು ಮದುವೆಯಾ?'
'ಹೂಂ, ನಂಟಸ್ತನ ನೋಡಿದೀನಿ.
ಹುಡುಗಿ ಸ್ವಲ್ಪ ಘಾಟು. ಅವಳ ಮನೆ
ಹುಳ ಹೊಕ್ಕರೂ ಅಲ್ಲಿ ಮಕ್ಕಳಾಗಲ್ಲ.'

ನನಗೆ ಕಂಡದ್ದು ಹೂ ಮಾತ್ರ.
ದೀಪಾವಳಿಗೆ ಎರಡು ದಿನ. ಹಿರಿಯೂರು ಸರ್ಕಲ್ಲಿನಲ್ಲಿ
ಬೇರು ಸಮೇತ ಗಿಡಕ್ಕೆ ಇಪ್ಪತ್ತು ರೂಪಾಯಿ,
ಬಾಗಿಲಿನ ಎರಡೂ ಕಡೆ ಕಟ್ಟಲು ಜೋಡಿಗೆ ಮೂವತ್ತೈದು.
ಅತ್ತಿಗೆ ಐಮಂಗಲಕ್ಕೆ ಬಾಣಂತಿ ನೋಡಲು ಹೋಗಿದ್ದಳು.
ನಸುಕಿಗೇ ಆರು ಸಾಲು ಕಿತ್ತೆ,
ಲಗೇಜ್ ಆಟೋ ತುಂಬ.
ಬೇರು ಕೊಡವಿದಾಗ ಮಣ್ಣು ಉದುರಿದ ಸದ್ದು
ಈಗ ಕೇಳಿಸುತ್ತದೆ, ಅಂದು ಕೇಳಿಸಿರಲಿಲ್ಲ.
ಸಂಜೆ ದುಡ್ಡಿನ ಗಂಟು ಒಲೆಕಟ್ಟೆ ಮೇಲಿಟ್ಟೆ.
ಅತ್ತಿಗೆ ಎಣಿಸಲಿಲ್ಲ.
'ಹೂವಷ್ಟೇ ಬಿಡಿಸಬಹುದಿತ್ತಲ್ಲೋ'
ಅಂದು ರೊಟ್ಟಿ ತಿರುವಿ ಹಾಕಿದಳು.

ಡಿಸೆಂಬರಿನಲ್ಲಿ,
ಬೇರು ಉಳಿದ ಕಡೆ ಗಿಡಗಳು ಕೋಲಿಗೊರಗಿ
ಕಾಯಿ ಹೊತ್ತು ಏದುಸಿರು ಬಿಡುತ್ತಿದ್ದವು.
ಕಿತ್ತ ಕಡೆ
ಬಿಸಿಲೇರುತ್ತಿದ್ದಂತೆ ಎಲೆ ಮಡಿಚಿ,
ಬೈಸಿಕೊಂಡ ಹುಡುಗರ ಹಾಗೆ ತಲೆ ತಗ್ಗಿಸಿದವು.
ಹೊಲದ ನಡುವೆ ಬಾಡಿದ ಪಟ್ಟೆ,
ನನ್ನ ಆರು ಸಾಲಿನ ಅಳತೆಗೆ ಸರಿಯಾಗಿ,
ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗೆ.
ಒಂದು ಕಿತ್ತು ನೋಡಿದೆ.
ಅಜ್ಜಿಯ ಬೆರಳು.

ಹುಳ ಪೂರಾ ಹೋಗಿಲ್ಲ. ಹೋಗುವುದೂ ಇಲ್ಲವಂತೆ.
'ಇರಲಿ ಬಿಡು, ಊರಿಗೊಬ್ಬ ಕಳ್ಳ ಇದ್ದಂಗೆ.
ಸಂತೆ ನೆರೀಬಾರದು, ಅಷ್ಟೆ.'

ಈ ಸಲ ಒಣಹೂವಿನ ಬುಟ್ಟಿ
ನನ್ನ ಮುಂದೆ ಇಟ್ಟು ಹೋಗಿದ್ದಾಳೆ. ಮಾತಿಲ್ಲ.
ಹಿಸುಕಿ ಹಿಸುಕಿ ಬೀಜ ಬಿಡಿಸಿದ ಬೆರಳು
ಮೂರು ಸಲ ಸೋಪು ಹಾಕಿ ತೊಳೆದರೂ
ಅನ್ನ ಕಲಸುವಾಗ ಘಾಟು.
ಮೂಗು ಮುರಿದೆ.
ಇದೇ ವಾಸನೆಯ ಮನೆ ಹೊಕ್ಕು
ಮಣ್ಣಿನಡಿ ಯಾರೋ
ತೊಟ್ಟಿಲು ಕಟ್ಟಲಾರದೆ ಮಲಗಿರಬಹುದು.
ಪಾಪ ಅನಿಸಿತು, ಒಂದು ಗಳಿಗೆ.
ಸಾರು ಸುರಿದುಕೊಂಡು ಇನ್ನೊಂದು ತುತ್ತು ಕಲಸಿದೆ.