ಖಾಲಿ ಗುಳಿ

ಉರುಳಿ ಕಾಂಚನದಿಂದ ಬಂದದ್ದು
ಥರ್ಮೋಕೋಲ್ ಡಬ್ಬಿ, ಒಳಗೆ ಮಂಜುಗಡ್ಡೆ,
ಹತ್ತು ಲಕೋಟೆ, ಲಕೋಟೆಗೆ ಎರಡೆರಡು ಗರಿ.
ಮೇಲೆ ಕುಂಜೀರ್ ಸಾಹೇಬರ ಚೀಟಿ:
ಶೆಡ್ ನಂಬರ್ ನಾಲ್ಕು, ವಯಸ್ಸು ಹದಿನೆಂಟು ವಾರ,
ದಿನಕ್ಕೆ ನಲವತ್ತು ಸಾವು,
ಲಸಿಕೆ ಹಾಕಿಸಿದೆ, ಬಿಲ್ಲು ಇದೆ.

ಗರಿಯೆಂದರೆ ಹಾರಾಟ ಅಂದುಕೊಂಡಿದ್ದೆ ಒಂದು ಕಾಲಕ್ಕೆ.
ಈಗ ನನಗೆ ಬೇಕಾದದ್ದು ಬುಡ ಮಾತ್ರ,
ಚರ್ಮದೊಳಗೆ ಹಸಿಯಾಗಿದ್ದ ತುದಿ, ಅಕ್ಕಿಕಾಳಿನಷ್ಟು.
ಕತ್ತರಿಸುತ್ತೇನೆ, ಅರೆಯುತ್ತೇನೆ,
ಉಳಿದದ್ದು ಹಳದಿ ಚೀಲಕ್ಕೆ.

ಡಬ್ಬಿ ತಂದವಳು ನಿಂಬೆವ್ವ, ಇಂಡಿ ಕಡೆಯವಳು,
ಎಂಟು ವರ್ಷದಿಂದ ಆ ಶೆಡ್ಡು ಗುಡಿಸುವವಳು.
ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ತಡ
ಸ್ಟೂಲಿನ ಅಂಚಿಗೆ ಕೂತಳು:
"ಒಂದ್ ಕಾಲ್ ಮುಂದ, ಒಂದ್ ಕಾಲ್ ಹಿಂದ
ಚಾಚಿ ಬಿದ್ದಿರ್ತಾವ್ರೀ ಅಕ್ಕಾರ,
ಓಡಾಕ ಹೋಗಿ ಹಂಗಽ ನಿಂತಂಗ.
ಮೂರು ವಾರದ ಹಿಂದಽ ಹೇಳೀನಿ.
ಕಾಗದ ಬರ್ಲಿ ಅಂದ್ರು."

ಹೊರಡುವಾಗ ಸೆರಗಿನ ಗಂಟು ಬಿಚ್ಚಿದಳು.
ಮರಾಠಿ ಪೇಪರಿನ ತುಂಡಲ್ಲಿ ಇನ್ನೊಂದು ಗರಿ,
ಕಂದು, ಬಿಳಿ ಚುಕ್ಕಿ. ಶೆಡ್ಡಿನದಲ್ಲ.
"ನಮ್ಮನೀದು. ಒಂದಽ ಐತಿ.
ಎಡಗಣ್ಣು ಬೂದಿ ಬಣ್ಣ ಆಗೇತಿ.
ನೋಡ್ರಿ, ಪುಕ್ಕಟ ಆದ್ರ."

ಮಾದರಿ ಸಂಖ್ಯೆ ಇಲ್ಲ, ರಸೀತಿ ಇಲ್ಲ.
ಜೆಲ್ಲಿನಲ್ಲಿ ಹತ್ತು ಗುಳಿ ಕುಂಜೀರರಿಗೆ,
ಒಂದು ಅಳತೆಗೆ, ಒಂದು ಗೊತ್ತಿರುವ ರೋಗಕ್ಕೆ,
ಒಂದು ಬರೀ ನೀರಿಗೆ.
ಕೊನೆಯದು ಖಾಲಿ ಇತ್ತು.

ಮೂವತ್ತೈದು ಸುತ್ತು.
ಕಾಯುವುದು, ತಣಿಯುವುದು, ಮತ್ತೆ ಕಾಯುವುದು.
ಕಾಯುವುದಕ್ಕೆ ಕನ್ನಡದಲ್ಲಿ ಎರಡು ಅರ್ಥ:
ಒಂದನ್ನು ಮಷೀನು ಮಾಡುತ್ತದೆ,
ಇನ್ನೊಂದನ್ನು ನಾನು.

ಔಂಧ್ ರಸ್ತೆಯ ಹಾರ್ನುಗಳು ತೆಳುವಾಗುವ ಹೊತ್ತಿಗೆ
ದೀಪ ಆರಿಸಿ ನೇರಳೆ ಬೆಳಕು ಹಾಕಿದೆ.
ಕಿತ್ತಳೆ ಗೆರೆಗಳು. ಹತ್ತರಲ್ಲಿ ಏಳು.
ನೀರು ಸುಮ್ಮನಿತ್ತು, ನೀರಿನ ಹಾಗೆ.
ಕೊನೆಯ ಗುಳಿಯ ಕೆಳಗೆ
ಎಲ್ಲಕ್ಕಿಂತ ದಪ್ಪನೆಯ ಗೆರೆ.

ಹನ್ನೆರಡು ಸಾವಿರ ಕೋಳಿಯ ಧೂಳು,
ಗರಿಯ ಹೊಟ್ಟು, ಹೊಟ್ಟಿನೊಳಗೆ ಕೂತದ್ದು
ಸಂಜೆ ಆರಕ್ಕೆ ಯಾರ ಸೀರೆಯ ನೆರಿಗೆಯಲ್ಲಿ
ಮನೆಗೆ ಹೋಯಿತೆಂದು ಯಾವ ಗೆರೆಯೂ ಹೇಳುವುದಿಲ್ಲ.
ಗೊತ್ತಾಗುತ್ತದೆ, ಅಷ್ಟೆ.

ಕುಂಜೀರರಿಗೆ ವರದಿ ಹೋಯಿತು: ಏಳು ಪಾಸಿಟಿವ್, ಸಹಿ, ಮೊಹರು.
ನಿಂಬೆವ್ವನ ನಂಬರು ಮೂರು ಸಲ ಒತ್ತಿ ಕತ್ತರಿಸಿದೆ.
ನಾಲ್ಕನೆಯ ಸಲ ಅವಳೇ ಮಾಡಿದಳು.
"ಬೂದಿಗಣ್ಣಿನಾಕಿ ಇವತ್ತು ತತ್ತಿ ಇಟ್ಟಾಳ್ರೀ ಅಕ್ಕಾರ,
ನಿಮಗಽ ಎತ್ತಿಟ್ಟೀನಿ. ತಿನಬೌದಲ್ಲ?"

ತಿನ್ನಬಹುದು, ಅಂದೆ.
ಅದು ಮನುಷ್ಯರಿಗೆ ಬರುವುದಿಲ್ಲ, ಅಂದೆ.
'ಅದು' ಅಂದದ್ದನ್ನು ಅವಳು ಹಿಡಿದಳು.
ಆಚೆ ಕಡೆ ಬಹಳ ಹೊತ್ತು
ಕೋಳಿ ನೆಲ ಕೆದರುವ ಸದ್ದು.