ಮೊಳೆ

ಆ ಮೊಳೆ ನನ್ನ ಕುಲುಮೆಯದೇ,
ಗೇಣುದ್ದ, ನಾಲ್ಕು ಮೂಲೆಯದು.
ಊರವರು ತೊಯಾದೆರನ ಗೋರಿ ಅಗೆದು ಎದೆಗೆ ಬಡಿದರು.
ಸತ್ತ ಮೇಲೂ ನೆತ್ತರು ಕುಡಿಯುತ್ತಾನಂತೆ.
ಸುಳ್ಳಲ್ಲ. ನನ್ನವೇ ಎರಡು ಕುರಿ ಹೋಗಿದ್ದವು.

ಇಜಾ ಹೊಳೆಯ ದಂಡೆಯಲ್ಲಿ
ಹುಲ್ಲು ದುಂಡಗೆ ಸುಟ್ಟದ್ದು ಕಂಡಾಗಲೇ ತಿಳಿಯಬೇಕಿತ್ತು,
ಕಿನ್ನರಿಯೊಬ್ಬಳು ಇವನಿಗಾಗಿ ಇಳಿದು ಕುಣಿಯುತ್ತಾಳೆಂದು.
ಅವಳ ಮೈಯಲ್ಲಿ ನೆತ್ತರೆಲ್ಲಿ, ಬರೀ ಇಬ್ಬನಿ.
ಕಚ್ಚಿ ಇವನಿಗೇನು ಸಿಕ್ಕಿತೋ,
ಆ ಬೇಸಿಗೆ ಕುರಿ ಒಂದೂ ಸಾಯಲಿಲ್ಲ.
ಆದರೂ ಮೊಳೆ ಮಾಡಿಕೊಟ್ಟೆ.

ನಿನ್ನೆ ನಸುಕಿಗೆ ಹೊಸ್ತಿಲಾಚೆ ನಿಂತಿದ್ದಳು.
ಕಬ್ಬಿಣ ತಾಗಿದರೆ ಕರಗುವ ಜಾತಿ;
ಬೆರಳುಗಳಿರಲಿಲ್ಲ.
ಹಲ್ಲಲ್ಲಿ ಕಚ್ಚಿ ತಂದ ಮೊಳೆಯನ್ನು
ನನ್ನ ಕಾಲಬಳಿ ಉಗುಳಿದಳು.
ಹಿಂದೆ, ಪ್ಲಮ್ ಮರಕ್ಕೆ ಆತು, ತೊಯಾದೆರ್,
ಅವಳ ಶಾಲನ್ನು ಎದೆಗೆ ಒತ್ತಿಕೊಂಡು.

ಮೂಡಲು ಬಿಳುಪೇರುತ್ತಿತ್ತು.
ಒಳಗೆ ಬನ್ನಿ ಅನ್ನಲು ಬಾಯಿ ತೆರೆದೆ.
ಒಳಗೆಲ್ಲ ಕಬ್ಬಿಣ.