ಹೆಸರು ಖಾಲಿಯಿದೆ

(ಸ್ವೀಡನ್ನಿನ ಹೆಲ್ಸಿಂಗ್‌ಲ್ಯಾಂಡ್, ೧೭೧೯ರ ಮಾರ್ಚ್)

ಶಾಯಿ ಹೆಪ್ಪುಗಟ್ಟಿದೆ ಗುಮಾಸ್ತರೇ, ಒಲೆಯ ಹತ್ತಿರ ಇಡಿ.
ಅದು ಕರಗುವಷ್ಟು ಹೊತ್ತು ನಾನು ಹೇಳುತ್ತೇನೆ,
ಆಮೇಲೆ ಬರೆದುಕೊಳ್ಳಿ ನಿಮಗೆ ಬೇಕಾದ್ದನ್ನು.

ಬಾಗಿಲ ಮೇಲಿನ ಹಲಗೆ ನೋಡಿದಿರಲ್ಲ:
ನಲವತ್ತೇಳು. ಟ್ರಿಗ್.
ನಮ್ಮ ಮಾತಿನಲ್ಲಿ ಟ್ರಿಗ್ ಅಂದರೆ ಕ್ಷೇಮ.
ನಾಲ್ಕೈದು ಒಕ್ಕಲು ಸೇರಿ ಅರಸನಿಗೊಬ್ಬ ಸಿಪಾಯಿಯನ್ನು ಸಾಕಬೇಕು,
ಸಿಪಾಯಿಗೆ ಈ ಗುಡಿಸಲು, ಒಂದು ಆಕಳು, ಅಂಗೈಯಗಲ ಜೌಗುನೆಲ,
ಜತೆಗೆ ಹೆಸರು.
ಅವನು ಸತ್ತರೆ ಹೊಸಬ ಬರುತ್ತಾನೆ.
ಹೆಸರು ಇಲ್ಲೇ ಗೂಟಕ್ಕೆ ತೂಗಿರುತ್ತದೆ,
ಕೋಟಿನ ಹಾಗೆ.

ಮೊದಲ ಟ್ರಿಗ್, ತೋರ್ಕೆಲ್.
ಬಿಳಿ ರೆಪ್ಪೆಯವ, ನಿದ್ದೆಯಲ್ಲಿ ಹಲ್ಲು ಕಡಿಯುವವ.
ರಷ್ಯಾದ ಕಡೆ ಹೋದ. ಆ ಚಳಿಗಾಲ
ಹಾರುವ ಕಾಗೆ ಹಾರುತ್ತಲೇ ಕಲ್ಲಾಗಿ ಬಿತ್ತಂತೆ,
ಉಗುಳು ನೆಲ ಮುಟ್ಟುವ ಮೊದಲೇ ಟಣ್ ಎಂದಿತಂತೆ.
ಪಾದ್ರಿ ಪಟ್ಟಿ ಓದಿದರು; ಅವನ ಸಾಲಿನಲ್ಲೇ ಕೆಮ್ಮು ಬಂತು,
ಮತ್ತೆ ಮೊದಲಿಂದ ಓದಿದರು.
ನನ್ನ ಪಾಲಿಗೆ ಅವನು ಎರಡು ಸಲ ಸತ್ತ.

ಗುಡಿಸಲು ಬಿಡಲು ಮೂರು ತಿಂಗಳು ಕೊಟ್ಟರು.
ಅಷ್ಟರಲ್ಲಿ ಹೊಸ ಟ್ರಿಗ್ ಬಂದ. ಆಮುಂಡ್,
ಕಾಡಿನಲ್ಲಿ ಡಾಂಬರು ಕಾಯಿಸುತ್ತಿದ್ದವ,
ಉಗುರ ಸಂದಿಯ ಕಪ್ಪು ಕೊನೆಗೂ ಹೋಗಲಿಲ್ಲ.
ಹೊಸಿಲಾಚೆ ನಿಂತು ಟೋಪಿ ತಿರುಗಿಸುತ್ತ ಕೇಳಿದ:
“ಆಕಳು ಯಾರ ಕೈಗೆ ಹಾಲು ಕೊಡುತ್ತದೆ?”
“ನನ್ನ ಕೈಗೆ.”
“ಹಾಗಾದರೆ ನೀನೂ ಇರು.”
ನಮ್ಮ ಮದುವೆಯ ಮಾತುಕತೆ ಅಷ್ಟೇ.
ಡೇನರ ಸೆರೆಯಲ್ಲಿ, ಕೊಳೆತ ಹುಲ್ಲಿನ ಮೇಲೆ, ಭೇದಿಯಾಗಿ ಹೋದ.
ಅವನ ಚೀಲ ಬಂತು. ಒಳಗೊಂದು ಮರದ ಚಮಚ,
ಹಿಡಿಯ ತುದಿಗೆ ಆಕಳ ತಲೆ,
ಒಂದೇ ಕೊಂಬು ಕೆತ್ತಿ ಮುಗಿದಿತ್ತು.

ಮೂರನೆಯವನ ಬಗ್ಗೆ ಹೆಚ್ಚು ಹೇಳಲಾರೆ.
ಹೋಕನ್. ನನಗಿಂತ ಹನ್ನೊಂದು ವರ್ಷ ಕಿರಿಯ.
ಒಂದು ರಾತ್ರಿ ಬಾಯಿತಪ್ಪಿ ತೋರ್ಕೆಲ್ ಎಂದು ಕರೆದೆ.
“ಟ್ರಿಗ್ ಅನ್ನು, ನಮ್ಮಲ್ಲಿ ಯಾರಾದರೂ ಓಗೊಡುತ್ತೇವೆ”
ಎಂದು ನಕ್ಕ.
ಹೊಸವರ್ಷದ ದಿನ ನಾರ್ವೆಯ ಬೆಟ್ಟ ಹತ್ತಿ ಮನೆಯತ್ತ ಹೊರಟಿದ್ದರು.
ಬಂದೂಕಿನ ಮರ ಸುಟ್ಟು ಕೈ ಕಾಯಿಸಿದರಂತೆ.
ಅವನಿನ್ನೂ ಅಲ್ಲೇ ಕುಳಿತಿದ್ದಾನಂತೆ,
ಹಿಮ ಕರಗುವ ತನಕ ತರುವ ಹಾಗಿಲ್ಲ.
ಮುಖ ಮನೆಯ ಕಡೆಗಿದೆ ಎಂದರು.
ಸಮಾಧಾನಕ್ಕೆ ಹೇಳಿರಬಹುದು.

ಅವನ ಲೆಕ್ಕಕ್ಕೆ ತಾಮ್ರದ ಬಿಲ್ಲೆ ಕೊಟ್ಟಿರಿ,
ಬೆಳ್ಳಿ ಎಂದುಕೊಳ್ಳಿ ಅಂದಿರಿ. ಅಂದುಕೊಂಡೆ.
ಉಪ್ಪಿನಂಗಡಿಯವನು ಅಂದುಕೊಳ್ಳಲಿಲ್ಲ.
ಒಂದರ ಮೇಲೆ ಮುದಿ ದೇವರು, ಕುಡುಗೋಲು ಹಿಡಿದವನು,
ಬಾಯಿಯ ಬಳಿಗೆ ಎತ್ತಿದ ಕೂಸು.
“ಅಜ್ಜ ಮುತ್ತು ಕೊಡುತ್ತಿದ್ದಾನಾ?” ಎಂದಳು ಮಗಳು,
ನಾಲ್ಕು ವರ್ಷದವಳು.
ಹೌದು ಎಂದೆ.

ಶಾಯಿ ಕರಗಿತು. ನಿಮ್ಮ ಕಣ್ಣು ಮಾತ್ರ
ಆಗಿನಿಂದ ಕಿಟಕಿಯಾಚೆ, ಸೌದೆ ಸೀಳುವ ಹುಡುಗನ ಮೇಲಿದೆ.
ತೋರ್ಕೆಲನ ಮಗ, ಯೋನ್ಸ್. ಬರುವ ಕೊಯ್ಲಿಗೆ ಹದಿನೆಂಟು.
ರೆಪ್ಪೆ ಅಪ್ಪನದೇ.

ಒಂದು ಮಾತು ಕೇಳಲೇ?
ಚಳಿಗಾಲವಿಡೀ ಗಂಟೆ ಬಾರಿಸಿದಿರಿ, ಅರಸನ ತಲೆಗೆ ಗುಂಡು ಬಿತ್ತೆಂದು.
ಆ ಜಾಗವೂ ಖಾಲಿಯಾಯಿತು. ಯಾರು ಬಂದರು ಅಲ್ಲಿಗೆ?
ತಂಗಿ. ಹೆಂಗಸು.
ಯಾರೂ ಗಡ್ಡ ಹುಡುಕಲಿಲ್ಲ.

ಹಾಗಾದರೆ ಬರೆಯಿರಿ:
ನಲವತ್ತೇಳು, ಟ್ರಿಗ್, ಸಿಸ್ಸೆಲಾ.
ವಯಸ್ಸು ಮೂವತ್ತೇಳು, ಉಳಿದ ಹಲ್ಲು ಹದಿನಾರು,
ಅಗಸೆ ನಾರು ಬಡಿದು ಬಡಿದು ಬಲಗೈ ಗಟ್ಟಿ.
ಹತ್ತೊಂಬತ್ತು ವರ್ಷ ಈ ಹೆಸರಿನಲ್ಲಿ
ಒಂದು ದಿನವೂ ತಪ್ಪದೆ ಹಾಜರಿದ್ದವಳು ನಾನೊಬ್ಬಳೇ.

ನಗಬೇಡಿ.
ಲೇಖನಿ ನಡುಗಿ ಪುಟದ ಮೇಲೆ ಹನಿ ಬಿತ್ತು.
ಬೀಳಲಿ, ಒರೆಸಬೇಡಿ,
ಆ ಸಾಲು ಓದಲಾಗದಿದ್ದರೆ ಇನ್ನೂ ಒಳ್ಳೆಯದು.

ಹೊರಗೆ ಕೊಡಲಿಯ ಸದ್ದು ಯಾಕೆ ನಿಂತಿತು?
ಯೋನ್ಸ್, ಇತ್ತ ನೋಡಬೇಡ.
ಸೀಳು.